'ಕೇಳಿಸಲಿಲ್ಲ ಮ್ಯಾಮ್': ಮೊದಲ ವರ್ಷದವರಿಗೆ ಬಿಪಿ ನೋಡಲು ಕಲಿಸುವ ಬಗೆ

ಮೊದಲ ವರ್ಷದ ನರ್ಸಿಂಗ್ ಮಕ್ಕಳ ಚಾರ್ಟಿನಲ್ಲಿ ಸಾಲಾಗಿ 120/80 ಕಂಡರೆ ವಾರ್ಡೆಲ್ಲ ಆರೋಗ್ಯವಾಗಿದೆ ಎಂದಲ್ಲ. ಸ್ಟೆತಸ್ಕೋಪಿನಲ್ಲಿ ಸದ್ದು ಕೇಳಿಸಿಲ್ಲ, ಹೇಳಲು ಹೆದರಿಕೆ. 'ಕೇಳಿಸಲಿಲ್ಲ' ಎಂಬುದೂ ಸರಿಯುತ್ತರವೇ ಎಂದು ಟ್ಯೂಟರ್ ಸ್ಕಿಲ್ ಲ್ಯಾಬಿನಲ್ಲಿ ಮೊದಲ ದಿನವೇ ಹೇಳಿಬಿಡಬೇಕು.

ಬ್ಯಾಚಿಗೆ ಆರೇಳು ಮಂದಿ ಸಾಕು. ಮೊದಲ ಸಲ ಮಾತಾಡದೆ, ವಾರ್ಡಿನ ವೇಗದಲ್ಲೇ ಮಾಡಿ ತೋರಿಸಿ. ಎರಡನೇ ಸಲ ಕಾರಣ ಹೇಳುತ್ತ ನಿಧಾನವಾಗಿ. ಮೂರನೇ ಸಲ ಅವರು ಹೇಳಲಿ, ಹೇಳಿದಷ್ಟನ್ನೇ ನೀವು ಮಾಡಿ. ಗಾಳಿ ಬಿಡುವ ವಾಲ್ವ್ ಮುಚ್ಚಲು ಹೇಳದಿದ್ದರೆ ಮುಚ್ಚದೆಯೇ ಗಾಳಿ ತುಂಬುವ ಬಲ್ಬ್ ಒತ್ತುತ್ತ ಕೂರಿ. ನಗುತ್ತಾರೆ, ಆದರೆ ಮರೆಯುವುದಿಲ್ಲ. ಆಮೇಲೆ ಅವರ ಸರದಿ.

ರೋಗಿ 5 ನಿಮಿಷ ಬೆನ್ನಿಗೆ ಆನಿಕೆ ಕೊಟ್ಟು, ಕಾಲ ಮೇಲೆ ಕಾಲು ಹಾಕದೆ ಕೂತಿರಲಿ. ತೋಳು ಹೃದಯದ ಮಟ್ಟದಲ್ಲಿರಬೇಕು. ಜೋತುಬಿದ್ದರೆ ರೀಡಿಂಗ್ ಏರುತ್ತದೆ. ದಪ್ಪ ತೋಳಿಗೆ ಸಣ್ಣ ಕಫ್ (ಗಾಳಿ ತುಂಬುವ ಪಟ್ಟಿ) ಸುತ್ತಿದರೂ ಅದೇ ಕಥೆ. ಕಫ್‌ನೊಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಶೇ. 80ರಷ್ಟಾದರೂ ಉದ್ದವಿರಲಿ, ಕೆಳ ಅಂಚು ಮೊಣಕೈ ಮಡಿಕೆಗಿಂತ 2–3 ಸೆಂ.ಮೀ. ಮೇಲಿರಲಿ. ಡಯಾಲಿಸಿಸ್‌ಗೆ ಫಿಸ್ಟುಲಾ ಮಾಡಿದ (ರಕ್ತನಾಳಗಳನ್ನು ಜೋಡಿಸಿದ) ಕೈಗೆ ಕಫ್ ಸುತ್ತುವಂತಿಲ್ಲ.

ಸ್ಟೆತಸ್ಕೋಪ್ ಕಿವಿಗಿಡುವ ಮೊದಲು ಬೆರಳಿಗೆ ಕೆಲಸ ಕೊಡಿ. ಮಣಿಕಟ್ಟಿನ ನಾಡಿ ಹಿಡಿದು, ಅದು ಮಾಯವಾಗುವವರೆಗೆ ಗಾಳಿ ತುಂಬಿಸಿ, ಅಂಕಿ ನೆನಪಿಟ್ಟು ಪೂರ್ತಿ ಬಿಡಬೇಕು. ಒಂದು ನಿಮಿಷ ಬಿಟ್ಟು ಆ ಅಂಕಿಗಿಂತ 30 ಮಿ.ಮೀ. (ಪಾದರಸದ ಅಳತೆ) ಮೇಲಕ್ಕೆ ಏರಿಸಿ ಕೇಳಬೇಕು. ಈ ಹಂತ ಹಾರಿಸಿದರೆ, ಬಿಪಿ ಹೆಚ್ಚಿರುವ ಕೆಲವರಲ್ಲಿ ಸದ್ದು ನಡುವೆ ನಿಂತು ಮತ್ತೆ ಶುರುವಾಗುವುದರಿಂದ, 180 ಇದ್ದದ್ದು 140 ಎಂದು ದಾಖಲಾದೀತು.

ಇಳಿಸುವುದು ಸೆಕೆಂಡಿಗೆ 2 ಮಿ.ಮೀ. ಹುಡುಗಿಯರ ಹೆಬ್ಬೆರಳು ಎಡವುವುದೇ ಇಲ್ಲಿ: ಸರ್ರನೆ ಬಿಟ್ಟರೆ ಮೇಲಿನ ಅಂಕಿ ಕಡಿಮೆಯಾಗಿ, ಕೆಳಗಿನದು ಹೆಚ್ಚಾಗಿ ಬರುತ್ತದೆ. ಹಲವರು 'ಲಬ್-ಡಬ್'ಗೆ ಕಾಯುತ್ತಿರುತ್ತಾರೆ. ಅದು ಎದೆಯಲ್ಲಿ. 1905ರಲ್ಲಿ ರಷ್ಯಾದ ಕೊರೊಟ್‌ಕಾಫ್ ವಿವರಿಸಿದ, ತೋಳಿನಲ್ಲಿ ಕೇಳುವ ಈ ಸದ್ದು ಬರೀ 'ಟಪ್, ಟಪ್'. ಮೊದಲ ಟಪ್ ಸಿಸ್ಟಾಲಿಕ್ (ಮೇಲಿನ ಅಂಕಿ), ಸದ್ದು ಅಡಗಿದ್ದು ಡಯಾಸ್ಟಾಲಿಕ್ (ಕೆಳಗಿನದು). ಮುಳ್ಳು ಕುಣಿದ ಜಾಗವನ್ನು ಓದಿ ಬರೆಯುವವರ ಮೇಲೆ ಕಣ್ಣಿಡಿ.

ಅಂಕಿಯೂ ಸುಳ್ಳು ಹಿಡಿದುಕೊಡುತ್ತದೆ: ಡಯಲ್‌ನಲ್ಲಿ 2 ಮಿ.ಮೀ.ಗೊಂದು ಗೆರೆ, 117 ಎಂದು ಬರೆದಿದ್ದರೆ ಅದು ಊಹೆ.

ನಿಜಕ್ಕೂ ಕೇಳಿಸದಿದ್ದರೆ ಕಿವಿತುದಿ ಮೂಗಿನ ಕಡೆಗೆ ಬಾಗಿದೆಯೇ, ಸ್ಟೆತಸ್ಕೋಪಿನ ಡಯಾಫ್ರಮ್ (ಮೈಗೊತ್ತುವ ಬಿಲ್ಲೆ) ತಟ್ಟಿದರೆ ಸದ್ದಾಗುತ್ತದೆಯೇ ನೋಡಿ. ಅರ್ಧದಲ್ಲಿ ಮತ್ತೆ ಗಾಳಿ ತುಂಬಬಾರದು. ಪೂರ್ತಿ ಬಿಟ್ಟು, ರೋಗಿಯ ಕೈಯನ್ನು ಅರ್ಧ ನಿಮಿಷ ಮೇಲೆತ್ತಿಸಿ, ಇಳಿಸಿ, ಮೊದಲಿನಿಂದ ಶುರುಮಾಡಿಸಿ.