ಆಗಸ್ಟ್ 15ಕ್ಕೆ ಕರೆದೆ, ಅಜ್ಜಿ ಸೆಪ್ಟೆಂಬರ್ 17 ಅಂದಳು

ಕೆಲಸದ ಮೇಲೆ ಬೆಂಗಳೂರಿಗೆ ಬಂದಿದ್ದ ಜರ್ಮನಿಯ ಗೆಳೆಯನಿಗೆ "ಆಗಸ್ಟ್ 15ಕ್ಕೆ ನಮ್ಮೂರಿಗೆ ಬಾ" ಅಂದಿದ್ದೆ. ಸುಮ್ನೆ ಬಾಯಿಮಾತಿಗೆ. ಅವನು ಅವತ್ತೇ ಟಿಕೆಟ್ ತೆಗೆಸಿಬಿಟ್ಟ! 14ರ ಬೆಳಿಗ್ಗೆ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಕೊಪ್ಪಳಕ್ಕೆ ಬಂದಿಳಿದೆವು. ಅಲ್ಲಿಂದ ನಮ್ಮ ಹಳ್ಳಿಗೆ ಬಸ್ಸು.

ನನಗೆ ಗೊತ್ತೇ ಇಲ್ಲದ ಕೆಲಸವೊಂದಿತ್ತು. ವಿದೇಶದವರು ನಮ್ಮ ಮನೆಯಲ್ಲಿ ಉಳಿದರೆ 24 ಗಂಟೆಯೊಳಗೆ ಸರ್ಕಾರಕ್ಕೆ ತಿಳಿಸಬೇಕು. ಲಾಡ್ಜಿನವರಷ್ಟೇ ಅಲ್ಲ, ಮನೆಯವರೂ. ಅದಕ್ಕೊಂದು ಫಾರ್ಮ್ ಇದೆ (ಮೊದಲು ಸಿ ಫಾರ್ಮ್ ಅಂತಿದ್ದರು), ಆನ್‌ಲೈನ್‌ನಲ್ಲಿ ತುಂಬಬೇಕು. ಪಾಸ್‌ಪೋರ್ಟ್, ವೀಸಾದ ಫೋಟೊ ಮೊದಲೇ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ನಾನು ನೆಟ್‌ವರ್ಕ್ ಹುಡುಕುತ್ತ ಮಾಳಿಗೆ ಮೇಲೆ ಒಂದು ತಾಸು ನಿಂತಿದ್ದೆ.

ಇನ್ನೊಂದು ತಪ್ಪು ಶಾಲೆಯಲ್ಲಿ ಆಯಿತು. "ಸುಮ್ನೆ ನೋಡೋಕೆ ಬರ್ತಾನೆ" ಅಂತ ಹೇಳಿದ್ದೆ. ಹೋಗಿ ನೋಡಿದರೆ ವೇದಿಕೆಯ ಮೇಲೆ ಕುರ್ಚಿ, ಹಾರ, ಶಾಲು ರೆಡಿ! ಅವನ ಮುಖ ಕೆಂಪಾಯಿತು. ಸತ್ಕಾರ ಬೇಡ ಅಂತ ನಾನೇ ಹಿಂದಿನ ದಿನ ಬಿಡಿಸಿ ಹೇಳಬೇಕಿತ್ತು.

ಅವನಿಗೆ ಹಿಡಿಸಿದ್ದು ಮಾತ್ರ ಬಾವುಟ ಕಟ್ಟುವ ಕೆಲಸ. ಪಿಟಿ ಮಾಸ್ತರು ಬೆಳಿಗ್ಗೆ ಆರಕ್ಕೇ ಬಾವುಟ ಮಡಚಿ, ಒಳಗೆ ಚೆಂಡುಹೂವಿನ ಎಸಳು ತುಂಬಿ, ಹಗ್ಗಕ್ಕೆ ಜಾರುಗಂಟು ಹಾಕುತ್ತಿದ್ದರು. ಹಾಕಿದರು, ಜಗ್ಗಿ ನೋಡಿದರು, ಬಿಚ್ಚಿದರು, ಮತ್ತೆ ಹಾಕಿದರು. "ಹಿಂದಕ್ಕೊಮ್ಮೆ ಗಂಟು ಬಿಗಿದು ಬಿಚ್ಚಲೇ ಇಲ್ರಿ, ಹುಡುಗನ್ನ ಕಂಬ ಹತ್ತಿಸಿದ್ವಿ" ಅಂದರು. ಬಾವುಟ ಎಲ್ಲಿಂದ ಬರುತ್ತೆ ಅಂತ ಗೆಳೆಯ ಕೇಳಿದ. ಖಾದಿ ಬಾವುಟವನ್ನು ಹುಬ್ಬಳ್ಳಿಯ ಬೆಂಗೇರಿಯಲ್ಲಿ ಹೊಲಿಯುತ್ತಾರೆ ಅಂದೆ. ಮುಂದೆ ಮಾತಾಡಲು ಬಿಡದೆ ಬಾವುಟದ ಹೊಲಿಗೆಯನ್ನು ಬಗ್ಗಿ ನೋಡಿದ.

ಪ್ರಭಾತ ಫೇರಿ, ಭಾಷಣ, ಹಾಡು ಎಲ್ಲಾ ಕಡೆ ಇದ್ದಂತೆಯೇ. ಭಾಷಣ ಜಾಸ್ತಿಯಾಯಿತು ಅಂತ ನನಗನಿಸಿತು. ಆಮೇಲೆ ಮನೆಯಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ. ಅವನು ಹಿಟ್ಟಿನ ಕವಚ ತಿಂದು ಮೆಣಸಿನಕಾಯಿಯನ್ನು ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟಿದ್ದ.

ಕಟ್ಟೆ ಮೇಲೆ ಕೂತಿದ್ದ ಅಜ್ಜಿ ಆಗ ಬಾಯಿಬಿಟ್ಟಳು. "ಅವನಿಗೆ ಖರೇ ಹೇಳು. ನಮಗ ಸ್ವಾತಂತ್ರ್ಯ ಬಂದದ್ದು ಇವತ್ತಲ್ಲ."

ನಾನು ಬಿಡಿಸಿ ಹೇಳಿದೆ. 1947ರ ಆಗಸ್ಟ್ 15ರಂದು ಕೊಪ್ಪಳ, ರಾಯಚೂರು ಹೈದರಾಬಾದ್ ನಿಜಾಮನ ಕೈಯಲ್ಲೇ ಇದ್ದವು. ಪಕ್ಕದ ಬಳ್ಳಾರಿ ಮದ್ರಾಸಿನ ಕಡೆ, ಗದಗ ಮುಂಬಯಿಯ ಕಡೆ. ಅಲ್ಲೆಲ್ಲ ಬಾವುಟ ಹಾರಿದವು. ನಮ್ಮಲ್ಲಿ ನಿಜಾಮನ ಪರ ಆಯುಧ ಹಿಡಿದಿದ್ದ ರಜಾಕಾರರ ಭಯ. ನಿಜಾಮನ ವಿರುದ್ಧ ಹೋರಾಡುವವರ ಮುಂಡರಗಿ ಶಿಬಿರದಲ್ಲಿ, ಅದರ ಮುಂದಾಳು ಅಳವಂಡಿ ಶಿವಮೂರ್ತಿಸ್ವಾಮಿಯವರ ಜೊತೆ ನಮ್ಮ ಹುಡುಗರು ಸೇರಿಕೊಂಡಿದ್ದರು. ಭಾರತದ ಸೇನೆ ಬಂದು, ನಿಜಾಮ ಸೋತದ್ದು 1948ರ ಸೆಪ್ಟೆಂಬರ್ 17ಕ್ಕೆ. ಅಂದರೆ ಹದಿಮೂರು ತಿಂಗಳು ತಡ.

ಅಜ್ಜಿಗೆ ಆಗ ಎಂಟು ವರ್ಷ. ರಾತ್ರಿ ಚಕ್ಕಡಿಯಲ್ಲಿ ಗದಗದ ಕಡೆ ಹೋದದ್ದು, ಎತ್ತಿನ ಗೆಜ್ಜೆ ಸದ್ದು ಮಾಡಬಾರದು ಅಂತ ಅಪ್ಪ ಬಿಚ್ಚಿ ಬಗಲಲ್ಲಿ ಹಿಡಿದದ್ದು ಅವಳಿಗೆ ಇನ್ನೂ ನೆನಪಿದೆ.

ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಲ್ಲೂ ಬರ್ಲಿನ್ ಗೋಡೆ ಬಿದ್ದದ್ದು ನವೆಂಬರ್ 9ಕ್ಕೆ, ಎರಡು ಜರ್ಮನಿ ಒಂದಾದ ದಿನದ ರಜೆ ಅಕ್ಟೋಬರ್ 3ಕ್ಕೆ" ಅಂದ.

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಅಜ್ಜಿ ಕೇಳಿದಳು, "ಅವತ್ತು ಲಾಡು ಹಂಚ್ತಾರೇನು?"

"ಇಲ್ಲಂತ."

"ಹಂಗಾದ್ರ ಎಂಥಾ ಹಬ್ಬ ಅದು?" ಅಂತ ಶಾಲೆಯಿಂದ ಬಂದಿದ್ದ ತನ್ನ ಲಾಡನ್ನೂ ಅವನ ತಟ್ಟೆಗೆ ಹಾಕಿದಳು.