ಮಗುವಿನ ಕಸ್ಟಡಿ ಕೇಸು: ಫೋನ್ ರೆಕಾರ್ಡಿಂಗ್ ಇದ್ದರೆ ಸಾಕಾ?

ತೀರ್ಥಹಳ್ಳಿ, ಹೊಸನಗರ ಕಡೆಯ ಎಷ್ಟೋ ಒಳಹಳ್ಳಿಗಳಲ್ಲಿ ಫೋನಿನ ಗುಟ್ಟು ಅನ್ನೋದೇ ಇರುವುದಿಲ್ಲ. ಸಿಗ್ನಲ್ ಸಿಗುವುದು ಜಗಲಿಯ ಒಂದು ಕಿಟಕಿಯಲ್ಲಿ ಮಾತ್ರ. ಫೋನನ್ನು ಅಲ್ಲೇ ಇಟ್ಟು, ಸ್ಪೀಕರ್ ಹಾಕಿ, ಕೂಗಿ ಮಾತಾಡಬೇಕು. ಗಂಡ ಹೆಂಡತಿಯ ಜಗಳ ಅಂಗಳದಲ್ಲಿ ಅಡಿಕೆ ಸುಲಿಯುವವರಿಗೂ ಕೇಳಿಸುತ್ತದೆ. ಮುಂದೆ ಮಗು ಯಾರ ಹತ್ತಿರ ಇರಬೇಕು ಅಂತ ಶಿವಮೊಗ್ಗದಲ್ಲಿ ಕೇಸು ನಡೆಯುವಾಗ ಆ ಕಿಟಕಿಯ ಮಾತೆಲ್ಲ ಮೇಲೆ ಬರುತ್ತದೆ. ರೆಕಾರ್ಡ್ ಮಾಡಿದ್ದು ನಡೆಯುತ್ತದಾ? ಕೇಳಿಸಿಕೊಂಡವರು ಸಾಕ್ಷಿ ಹೇಳಬಹುದಾ? ಎರಡೂ ಆಗುತ್ತದೆ, ಕ್ರಮವಾಗಿ ಮಾಡಿದರೆ.

ಮೊದಲು, ಅದು ಯಾರ ಕಾಲ್ ಅಂತ ನೋಡಿ. ಗಂಡ ಅಥವಾ ಹೆಂಡತಿಯ ಜೊತೆ ನೀವೇ ಆಡಿದ ಮಾತಾಗಿದ್ದರೆ ಕೋರ್ಟಿಗೆ ಕೊಡಬಹುದು. 2025ರ ಜುಲೈ 14ರಂದು ಸುಪ್ರೀಂ ಕೋರ್ಟ್ ಒಂದು ವಿಚ್ಛೇದನ ಕೇಸಿನಲ್ಲಿ ಇದನ್ನೇ ಹೇಳಿತು. ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಆ ಪೀಠದಲ್ಲಿದ್ದರು. ಕದ್ದು ರೆಕಾರ್ಡ್ ಮಾಡಿದ್ದು ಅನ್ನುವ ಒಂದೇ ಕಾರಣಕ್ಕೆ ಸಾಕ್ಷ್ಯವನ್ನು ತಳ್ಳಿಹಾಕುವಂತಿಲ್ಲ. ಆದರೆ ಹೆಂಡತಿ ತನ್ನ ತವರಿಗೆ ಮಾಡಿದ ಕಾಲನ್ನು ಯಾವುದೋ ಆ್ಯಪ್ ಹಾಕಿ ಕದ್ದು ಕೇಳಿದರೆ ಕಥೆಯೇ ಬೇರೆ. ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯಡಿ ನಿಮ್ಮ ಮೇಲೇ ಕೇಸು ಬೀಳಬಹುದು.

ಎರಡನೆಯದು, ರೆಕಾರ್ಡ್ ಮಾಡಿದ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ. ನಮಗೆ ಬೇಕಾದ ಎರಡು ನಿಮಿಷ ಕತ್ತರಿಸಿ ಇಟ್ಟುಕೊಳ್ಳುವವರು ಜಾಸ್ತಿ. ಪಾಟೀ ಸವಾಲಿನಲ್ಲಿ ಎದುರು ವಕೀಲರು ‘ಉಳಿದದ್ದು ಎಲ್ಲಿ?’ ಅಂತ ಕೇಳಿದಾಗ ಬಾಯಿ ಕಟ್ಟುತ್ತದೆ. ಕಾಲ್ ಪೂರ್ತಿ ಇರಲಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಜೊತೆಗೊಂದು ಪ್ರಮಾಣಪತ್ರ ಬೇಕು. ಅದರ ಒಂದು ಭಾಗ ನೀವು ತುಂಬಬೇಕು, ಇನ್ನೊಂದು ಭಾಗ ತಜ್ಞರು. ಫೈಲಿನ ಹ್ಯಾಶ್ ಸಂಖ್ಯೆಯನ್ನೂ ಬರೆಯಬೇಕು. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು. ಒಂದು ಸೆಕೆಂಡ್ ಕತ್ತರಿಸಿದರೂ ಅದು ಬದಲಾಗುತ್ತದೆ.

ಇನ್ನು ಸಾಕ್ಷಿಗಳು. ಕನ್ನಡದಲ್ಲಿ ‘ಅಂತೆ’ ಅನ್ನೋ ಮಾತು ಎಷ್ಟು ಸಲೀಸು ಅಲ್ವಾ? ‘ಮಗೂಗೆ ಹೊಡೀತಾರಂತೆ’, ‘ಶಾಲೆಗೇ ಕಳಿಸಲ್ವಂತೆ’. ಕೋರ್ಟಿನಲ್ಲಿ ಈ ‘ಅಂತೆ’ಗೆ ತೂಕ ಕಡಿಮೆ. ಅದೇ ಅಡಿಕೆ ಸುಲಿಯುತ್ತಿದ್ದ ಹೆಂಗಸು ‘ನಾನು ಅಂಗಳದಲ್ಲಿ ಕೂತಿದ್ದೆ, ಸ್ಪೀಕರಿನಲ್ಲಿ ಇವರು ಹೀಗೆ ಅಂದದ್ದು ನನ್ನ ಕಿವಿಗೆ ಬಿತ್ತು’ ಎಂದರೆ ಅದು ನೇರ ಸಾಕ್ಷ್ಯ. ಸಾಮಾನ್ಯವಾಗಿ ಸಾಕ್ಷಿಯ ಹೇಳಿಕೆಯನ್ನು ಮೊದಲು ಅಫಿಡವಿಟ್‌ನಲ್ಲಿ ಕೊಡುತ್ತಾರೆ, ಆಮೇಲೆ ಎದುರು ವಕೀಲರ ಪಾಟೀ ಸವಾಲು. ದಯವಿಟ್ಟು ಯಾರಿಗೂ ಬಾಯಿಪಾಠ ಮಾಡಿಸಬೇಡಿ. ಅಜ್ಜಿ, ಸೋದರಮಾವ, ಅಡುಗೆಯವಳು ಮೂವರೂ ಒಂದೇ ವಾಕ್ಯ ಒಪ್ಪಿಸಿದರೆ ಜಡ್ಜ್‌ಗೆ ತಿಳಿಯದೇ ಇರುತ್ತದಾ? ನನ್ನ ಕೇಳಿದರೆ ಮನೆಯವರಿಗಿಂತ ಅಂಗನವಾಡಿ ಟೀಚರ್ ಒಬ್ಬರ ಮಾತೇ ಗಟ್ಟಿ. ಮಗು ಹೇಗಿದೆ ಅಂತ ಅವರು ದಿನಾ ನೋಡಿರುತ್ತಾರೆ.

ಮಗುವಿನ ಬಾಯಿಗೆ ಮಾತ್ರ ಫೋನ್ ಹಿಡಿಯಬೇಡಿ. ‘ಅಪ್ಪ ಬೇಡ ಅಂತ ಹೇಳು ಪುಟ್ಟಾ’ ಅನ್ನುವ ದನಿ ಹಿಂದಿನಿಂದ ಕೇಳಿಸುವ ರೆಕಾರ್ಡಿಂಗ್ ಕೊಟ್ಟವರನ್ನೇ ಮುಳುಗಿಸುತ್ತದೆ. ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನು ಕೋರ್ಟ್ ಪರಿಗಣಿಸಬಹುದು ಅಂತ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಲ್ಲೇ ಇದೆ. ಸಾಮಾನ್ಯವಾಗಿ ಜಡ್ಜ್ ತಮ್ಮ ಕೊಠಡಿಗೆ ಕರೆಸಿ, ಅಪ್ಪ ಅಮ್ಮನನ್ನು ಹೊರಗೆ ನಿಲ್ಲಿಸಿ ಮಾತಾಡಿಸುತ್ತಾರೆ.

ಮನೆ ಮಾತು ಹತ್ತು ಜನರ ಮುಂದೆ ಬೇಡ ಅನ್ನಿಸಿದರೆ, ಬಾಗಿಲು ಹಾಕಿ ವಿಚಾರಣೆ ನಡೆಸಿ ಅಂತ ಕೌಟುಂಬಿಕ ನ್ಯಾಯಾಲಯವನ್ನು ಕೇಳಬಹುದು. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 11ನೇ ಕಲಂ ಅದಕ್ಕೇ ಇದೆ. ವಕೀಲರಿಗೆ ಕೊಡಲು ಹಣವಿಲ್ಲದವರು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೆ ಆದಾಯದ ಮಿತಿ ಇಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ.

ಕೊನೆಗೆ, ಮಗು ಜೊತೆಗಿಲ್ಲದವರು ಫೋನಿನ ಹೊತ್ತನ್ನೂ ಆದೇಶದಲ್ಲಿ ಸೇರಿಸಲು ಕೇಳಿಕೊಳ್ಳಿ. ‘ಆಗಾಗ ಮಾತಾಡಬಹುದು’ ಅಂತಿದ್ದರೆ ಮತ್ತೆ ಜಗಳ. ಸಂಜೆ 7ರಿಂದ 7.30 ಅಂತ ಸ್ಪಷ್ಟವಾಗಿರಲಿ. ಸ್ಪೀಕರ್ ಹಾಕಬಾರದು, ಕಿಟಕಿ ಹತ್ತಿರ ದೊಡ್ಡವರು ನಿಲ್ಲಬಾರದು ಅಂತಲೂ ಕೇಳಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರ್ ಸತ್ತರೆ ಆ ಕಾಲ್ ಮರುದಿನಕ್ಕೆ ಅಂತ ಒಂದು ಸಾಲು ಇರಲಿ.