ನಿಮ್ಮ ಕೆಲಸಕ್ಕ ನಿಮ್ಮದ ಮುಖ: ಬ್ರ್ಯಾಂಡ್ ಫೋಟೋಶೂಟ್ ಪ್ಲ್ಯಾನ್ ಮಾಡೋದು ಹೆಂಗ?

ನಮ್ಮ ವೈನಿ ವಿಜಯಪುರದಾಗ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಮಾರ್ತಾರ. ಪುಣೆ, ಬೆಂಗಳೂರಿಗೆಲ್ಲಾ ಕೊರಿಯರ್ ಹೋಗ್ತೈತಿ. ಆದ್ರ ಅವರ ಇನ್‌ಸ್ಟಾಗ್ರಾಮ್ ಪೇಜಿನ್ಯಾಗಿದ್ದ ಫೋಟೋ ನೋಡಿದವರಿಗೆ ಇವರು ರೊಟ್ಟಿ ಮಾಡ್ತಾರ ಅಂತ ಹೇಳಿದ್ರೂ ನಂಬಿಕಿ ಬರ್ತಿರಲಿಲ್ಲ. ಒಂದು ಸ್ಟುಡಿಯೋಕ್ಕ ಹೋಗಿ, ಅಲ್ಲೇ ಕೊಟ್ಟ ಕರಿ ಬ್ಲೇಜರ್ ಹಾಕ್ಕೊಂಡು, ಕೈ ಕಟ್ಟಿ ನಿಂತು ತಗಿಸಿದ್ದು ಅದು. ಎರಡು ತಿಂಗಳು ಇಟ್ಟು ಆಮ್ಯಾಲ ತಾವ ಡಿಲೀಟ್ ಮಾಡಿದ್ರು, "ಇದು ನಾನ ಅಲ್ಲ" ಅಂದ್ರು. ನಾನು ಬಾಗಲಕೋಟಿಯೊಳಗ ಮದುವಿ ಫೋಟೋ ತಗಿಯಾಂವ, ಆ ಮಾತು ಕೇಳಿ ಭಾಳ ಕೆಟ್ಟ ಅನಸ್ತು. ಕ್ಯಾಮೆರಾ ಎತ್ತೋಕಿಂತ ಮೊದಲ ಯಾರೂ ಅವರನ್ನ ಕೂಡಿಸಿ ನಾಲ್ಕು ಪ್ರಶ್ನೆ ಸುದ್ದಾ ಕೇಳಿರಲಿಲ್ಲ. ಹೋದ ದೀಪಾವಳಿ ಮುಗದ ಮ್ಯಾಲ ನಾವಿಬ್ಬರೂ ಕೂತು ಮತ್ತ ಮೊದಲಿಂದ ಪ್ಲ್ಯಾನ್ ಮಾಡಿದ್ವಿ. ನೀವು ಟೇಲರ್ ಇರ್ರಿ, ಯೋಗ ಟೀಚರ್ ಇರ್ರಿ, ವಕೀಲರಿರ್ರಿ, ದಾರಿ ಹೆಚ್ಚುಕಮ್ಮಿ ಇದ.

ಮೊದಲ ಹಾಳಿ ಮ್ಯಾಲ

ಒಂದು ವಹಿ ತಗೊಂಡು ಎರಡು ಮಾತು ಬರೀರಿ. ಈ ಫೋಟೋ ಯಾರು ನೋಡ್ತಾರ, ನೋಡಿದ ಮ್ಯಾಲ ಅವರಿಗೆ ಏನು ಅನಸ್ಬೇಕು. ವೈನಿ ಬರದದ್ದು ಇಷ್ಟ: "ಊರು ಬಿಟ್ಟು ಹೋದವರು ನೋಡ್ತಾರ, ನಮ್ಮವ್ವ ಮಾಡಿದಂಗ ಐತಿ ಅನಸ್ಬೇಕು." ಅಲ್ಲಿಗೇ ಬ್ಲೇಜರೂ ಹೋತು, ಸ್ಟುಡಿಯೋದ ಬಿಳಿ ಪರದೇನೂ ಹೋತು, ಶೂಟ್ ಅಡಗಿಮನಿಯಾಗ ಅಂತ ತಾನ ತೀರ್ಮಾನ ಆತು. ವಕೀಲರು ಬರದ್ರ ಬ್ಯಾರೆ ಬರ್ತೈತಿ, ಅವರಿಗೆ ಕರಿ ಕೋಟ ಬೇಕು, ಹಿಂದ ಪುಸ್ತಕದ ಕಪಾಟ ಬೇಕು.

ಆಮ್ಯಾಲ ಫೋಟೋ ಎಲ್ಲೆಲ್ಲಿ ಹಾಕ್ತೀರಿ ಅಂತ ಬರ್ಕೋರಿ, ಇದನ್ನ ಮಂದಿ ಮರೀತಾರ. ಇನ್‌ಸ್ಟಾಗ್ರಾಮಿಗೆ ಉದ್ದ ಫೋಟೋ, ಅಂದ್ರ ಅಗಲಕ್ಕಿಂತ ಎತ್ತರ ಹೆಚ್ಚಿದ್ದದ್ದು ಚಂದ, 1080 × 1350 ಪಿಕ್ಸೆಲ್, ಸ್ಟೋರಿಗೆ 1080 × 1920. ಲಿಂಕ್ಡ್‌ಇನ್ ಬ್ಯಾನರ್ 1584 × 396, ಅಂದ್ರ ಅಗಲ ಎತ್ತರದ ನಾಲ್ಕು ಪಟ್ಟು, ಅದರ ಎಡಗಡೆ ಕೆಳಗ ಪ್ರೊಫೈಲ್ ಫೋಟೋ ಬಂದು ಕೂಡತೈತಿ, ಹಂಗಾಗಿ ನಿಮ್ಮ ಮುಖ ಬಲಗಡೆ ಇರ್ಬೇಕು. ವಾಟ್ಸ್ಯಾಪ್ ಡಿಪಿ ದುಂಡಗ ಕತ್ತರಿಸ್ತೈತಿ, ತಲಿ ಸುತ್ತ ಜಾಗ ಬಿಡ್ರಿ. ಪ್ಯಾಕೆಟ್ ಲೇಬಲ್ ಪ್ರಿಂಟ್ ಮಾಡಿಸೋದಿದ್ರ ಇಂಚಿಗೆ 300 ಪಿಕ್ಸೆಲ್ ಲೆಕ್ಕ, ನಾಲ್ಕು ಇಂಚು ಅಗಲಕ್ಕ 1200. ಇದನ್ನೆಲ್ಲಾ ಮೊದಲ ಹೇಳಿದ್ರ ಫೋಟೋಗ್ರಾಫರು ಅಡ್ಡ, ಉದ್ದ ಎರಡೂ ತಗೀತಾರ, ಪಕ್ಕದಾಗ ಅಕ್ಷರ ಹಾಕಾಕ ಖಾಲಿ ಜಾಗ ಬಿಡ್ತಾರ, ಆಮ್ಯಾಲ ಕತ್ತರಿಸಿ ಕತ್ತರಿಸಿ ಹಣಿ ಹೋತು ಗದ್ದ ಹೋತು ಅನ್ನೋ ಗೋಳಿಲ್ಲ.

ಜಾಗ ಮತ್ತ ಬೆಳಕು

ವೈನಿಗೆ ಗೋಳಗುಮ್ಮಟದ ಮುಂದ ಒಂದು ಫೋಟೋ ಬೇಕಿತ್ತು, ಊರಿನ ಗುರುತಲ್ಲಾ ಅಂತ. ಆಸೆ ತಪ್ಪಲ್ಲ. ಆದ್ರ ಗುಮ್ಮಟದ ಹೊರಗಿನ ಅಗಲ ಒಂದ ಸುಮಾರು 44 ಮೀಟರ್, ಅದು ಪೂರ್ತಿ ಫ್ರೇಮಿನ್ಯಾಗ ಬರ್ಬೇಕಂದ್ರ ನಾನು ಎಲ್ಲೋ ದೂರ ಹೋಗಿ ನಿಲ್ಬೇಕು, ಆಗ ವೈನಿ ಮುಖ ಎಳ್ಳುಕಾಳಿನಷ್ಟು ಕಾಣ್ತೈತಿ. ಟೂರಿಸ್ಟ್ ಗೈಡ್ ಇದ್ರ ಆ ಫೋಟೋಕ್ಕ ಅರ್ಥ ಐತಿ, ರೊಟ್ಟಿಗೆ ಇಲ್ಲ. ಬಾದಾಮಿ, ಪಟ್ಟದಕಲ್ಲು, ಐಹೊಳೆ, ಗೋಳಗುಮ್ಮಟ ಇವೆಲ್ಲಾ ಪುರಾತತ್ವ ಇಲಾಖೆಯ ಜಾಗ, ಟ್ರೈಪಾಡ್, ಲೈಟ್ ಹಿಡಕೊಂಡು ವ್ಯಾಪಾರದ ಶೂಟ್ ಮಾಡೋದಿದ್ರ ಮೊದಲ ಪರವಾನಿಗಿ ತಗೋಬೇಕು, ಗೇಟಿನ್ಯಾಗ ನಿಂತು ವಾದ ಮಾಡಿ ಉಪಯೋಗಿಲ್ಲ. ಬಾದಾಮಿಗೆ ಹೋಗೋರಿದ್ರ ಅಗಸ್ತ್ಯ ತೀರ್ಥದ ದಂಡಿ ಮ್ಯಾಲಿನ ಭೂತನಾಥ ಗುಡಿ ಕಡೆ ಸಂಜಿ ಬೆಳಕು ಭಾಳ ಚಂದ, ಕೆಂಪುಗಲ್ಲು ಹೊಳೀತೈತಿ. ಅಲ್ಲಿ ಮಂಗ್ಯಾಗೋಳು ಬ್ಯಾಗ್ ಎಳೀತಾವ, ಲೆನ್ಸ್ ಕಡೆ ಲಕ್ಷ್ಯ ಇರ್ಲಿ.

ನಾವು ಮನಿಯಾಗ ತಗದ್ವಿ. ಹಳಿ ಮಾಳಿಗಿ ಮನಿ, ಮ್ಯಾಲ ಬೆಳಕಿಂಡಿ ಐತಿ. ಬೆಳಕಿಂಡಿ ಕೆಳಗ ನೆಟ್ಟಗ ಕುಂತ್ರ ಬೆಳಕು ನೆತ್ತಿ ಮ್ಯಾಲಿಂದ ಬಿದ್ದು ಕಣ್ಣ ಕೆಳಗ ಕರಿ ನೆರಳು ಬರ್ತೈತಿ, ಮೂರು ದಿನ ನಿದ್ದಿ ಇಲ್ದವರಂಗ ಕಾಣ್ತಾರ. ಅದಕ್ಕ ಪಡಸಾಲಿ ಬಾಗಿಲ ಹತ್ರ, ಹೊಚ್ಚಲದಿಂದ ನಾಲ್ಕೈದು ಅಡಿ ಒಳಗ ಕೂಡಿಸಿದೆ. ಬಾಗಿಲಿಂದ ಬರೋ ಬೆಳಕು ಮುಖದ ಒಂದು ಕಡೆ ಮೆತ್ತಗ ಬೀಳ್ತೈತಿ, ಇನ್ನೊಂದು ಕಡೆ ಕತ್ತಲಿ ಆಗಬಾರದಂತ ನಮ್ಮ ಅಣ್ಣಗ ಅಪ್ಪಾಜಿಯ ಬಿಳಿ ಧೋತರ ಎರಡು ಮಡಚಿ ಹಿಡ್ಯಾಕ ಹೇಳಿದೆ, ಅದರ ಮ್ಯಾಲ ಬೆಳಕು ಬಿದ್ದು ವಾಪಸ್ ಮುಖಕ್ಕ ಬಂತು. ರೊಕ್ಕ ಕೊಟ್ಟು ತಂದ ರಿಫ್ಲೆಕ್ಟರ್ ಮಾಡೋದೂ ಇದ ಕೆಲಸ. ಒಳಗಿನ ಟ್ಯೂಬ್‌ಲೈಟ್ ಆರಿಸ್ರಿ, ಹಗಲ ಬೆಳಕು ಒಂದು ಬಣ್ಣ, ಟ್ಯೂಬ್‌ಲೈಟ್ ಒಂದು ಬಣ್ಣ, ಎರಡೂ ಕೂಡಿದ್ರ ಮುಖ ಅರ್ಧ ಹಸರು ಅರ್ಧ ಹಳದಿ ಆಗ್ತೈತಿ, ಎಡಿಟಿಂಗಿನ್ಯಾಗ ಸರಿ ಮಾಡೋದು ಜೀವ ತಿಂತೈತಿ. ಹೊರಗ ತಗಿಯೋದಿದ್ರ ಹೊತ್ತು ಮೂಡಿದ ಮ್ಯಾಲಿನ ಒಂದು ತಾಸು, ಇಲ್ಲಾ ಮುಳಗೋ ಮೊದಲಿನ ಒಂದು ತಾಸು. ನಮ್ಮ ಕಡೆ ಬ್ಯಾಸಗಿಯಾಗ ಒಂಬತ್ತಕ್ಕ ಬಿಸಲು ಚುರು ಚುರು ಅಂತೈತಿ, ಕಣ್ಣು ಸಣ್ಣ ಆಗ್ತಾವ. ಬೇವಿನ ಗಿಡದ ಕೆಳಗ ನೆರಳೈತಿ ಅಂತ ನಿಂತ್ರ ಎಲಿ ಸಂದ್ಯಾಗಿಂದ ಬಿದ್ದ ಬಿಸಲು ಮುಖದ ಮ್ಯಾಲ ಚಿಕ್ಕಿ ಚಿಕ್ಕಿ ಮೂಡಸ್ತೈತಿ, ಗ್ವಾಡಿ ನೆರಳು ಅದಕ್ಕಿಂತ ಚಲೋ.

ಸೀರಿ, ಕೈ, ಮುಖ

ಬಟ್ಟಿ ಎರಡು ಜೋಡಿ ಸಾಕು, ಮೂರಕ್ಕಿಂತ ಹೆಚ್ಚು ಬ್ಯಾಡ. ವೈನಿ ಇಳಕಲ್ ಸೀರಿ, ಗುಳೇದಗುಡ್ಡದ ಖಣದ ಕುಪ್ಪಸ ತಗದ್ರು, ದಿನಾ ಉಡೋದ ಅದು. ಇದರಾಗ ಎರಡು ಎಚ್ಚರಿಕಿ. ಇಳಕಲ್ಲಿನ ಟೋಪ ತೆನಿ ಸೆರಗು ಕೆಂಪು, ಬಿಸಲಿನ್ಯಾಗ ಅದು ಗದ್ದದ ಕೆಳಗ ಕೆಂಪು ಬಣ್ಣ ಒಗೀತೈತಿ, ಮೆತ್ತನ ಬೆಳಕಿನ್ಯಾಗ ಆ ತ್ರಾಸಿಲ್ಲ. ಇನ್ನೊಂದು, ಭಾಳ ಸಣ್ಣ ಗೀಟು, ಸಣ್ಣ ಚೌಕಡಿ ಇದ್ದ ಬಟ್ಟಿ ಫೋಟೋದಾಗ ನೀರಿನ ಅಲಿ ಆಡಿದಂಗ ಕಾಣ್ತೈತಿ. ಹಿಂದಿನ ದಿನ ಉಟ್ಟು ಮೊಬೈಲಿನ್ಯಾಗ ಒಂದು ತಗದು ಝೂಮ್ ಮಾಡಿ ನೋಡ್ರಿ. ಇಸ್ತ್ರಿ ಮಾಡ್ರಿ. ಚಷ್ಮಾ ಹಾಕೋರು ಚಷ್ಮಾ ಹಾಕ್ಕೊಂಡೇ ತಗಿಸ್ರಿ, ಗ್ಲಾಸ್ ಹೊಳದ್ರ ಗದ್ದ ಒಂಚೂರು ಕೆಳಗ ಮಾಡಿದ್ರಾತು.

ತಗಿಯೋ ಫೋಟೋದ ಪಟ್ಟಿ ಮಾಡ್ರಿ, ಆದ್ರ ಅದರಾಗ ಅರ್ಧ ನಿಮ್ಮ ಕೈಯಿದ್ದು ಇರ್ಲಿ. ನಾ ಇದನ್ನ ಎಲ್ಲಾರಿಗೂ ಹೇಳ್ತೀನಿ. ರೊಟ್ಟಿ ಬಡಿಯೋ ಕೈ, ಹಂಚಿನ ಮ್ಯಾಲ ನೀರು ಸವರೋ ಕೈ, ಹಿಂಡಿ ಕುಟ್ಟೋ ಕೈ. ಕೆಲಸ ಮಾಡೋ ಕೈ ಸುಳ್ಳು ಹೇಳಂಗಿಲ್ಲ, ಕೈ ಕೆಲಸಕ್ಕ ಹಚ್ಚಿದ ಮ್ಯಾಲ ಮುಖಾನೂ ತಾನ ಸಡ್ಲ ಆಗ್ತೈತಿ. ಬಡಿಯೋ ಕೈ ನಿಚ್ಚಳ ಬೇಕಂದ್ರ ಶಟರ್ (ಕ್ಯಾಮೆರಾ ಬೆಳಕಿಗೆ ತೆರಕೊಂಡಿರೋ ಹೊತ್ತು) 1/500 ಸೆಕೆಂಡ್, ಸ್ವಲ್ಪ ಓಡಿದಂಗ ಬೇಕಂದ್ರ 1/60. ಮುಖದ ಫೋಟೋಕ್ಕ 85 ಎಂಎಂ ಲೆನ್ಸ್, ಅಡಗಿಮನಿ ಪೂರ್ತಿ ಬರಾಕ 35.

ಶೂಟ್ ದಿನ ಮೊದಲ ಹದಿನೈದು ನಿಮಿಷದ ಫೋಟೋ ಹೋದ್ವು ಅಂತ ತಿಳ್ಕೋರಿ, ಮುಖ ಬಿಗಿ ಇರ್ತೈತಿ, ಎಲ್ಲಾರಿಗೂ ಹಂಗ. ನೋಡಾಕ ಬಂದ ಮಂದೀನ ಹೊರಗ ಕಳಸ್ರಿ, ನಾಲ್ಕು ಮಂದಿ ನಿಂತು "ನಗವಾ, ನಗವಾ" ಅಂದ್ರ ಯಾರಿಗೂ ನಗು ಬರಂಗಿಲ್ಲ. ನಾ ವೈನಿಗೆ ಅವರ ಅವ್ವ ರೊಟ್ಟಿ ಕಲಿಸಿದ್ದು ಹೇಳ್ರಿ ಅಂದೆ, ಅವರು ಹೇಳ್ಕೋತ ಹೋದ್ರು, ನಾ ತಗೀತಾ ಹೋದೆ. ಪುಣೆದ ಗಿರಾಕಿ ಒಬ್ಬರ ಫೋನ್ ಬಂತು, ಆ ಎರಡು ನಿಮಿಷದಾಗ ಬಂದ ಫೋಟೋಗಳ ಎಲ್ಲಾಕ್ಕಿಂತ ಚಲೋ ಆದ್ವು.

ಸಂಗಾಟ ಕೆಲಸ ಮಾಡೋ ಹೆಣ್ಣುಮಕ್ಕಳ ಫೋಟೋ ತಗಿಯೋದಿದ್ರ ಮೊದಲ ಕೇಳ್ರಿ, ಎಲ್ಲಿ ಹಾಕ್ತೀವಿ ಅಂತಾನೂ ಹೇಳ್ರಿ. ಇಬ್ಬರು ಹೂಂ ಅಂದ್ರು, ಒಬ್ಬರು ಮುಖ ಬ್ಯಾಡ, ಕೈ ಅಷ್ಟ ಬರ್ಲಿ ಅಂದ್ರು, ಹಂಗ ಮಾಡಿದ್ವಿ.

ಮಾತು ಬರವಣಿಗಿಯಾಗ

ಎಡಿಟ್ ಆದ ಫೋಟೋ ಎಷ್ಟು, ಯಾವತ್ತು ಕೊಡ್ತಾರ, ಫೋಟೋಗ್ರಾಫರು ತಮ್ಮ ಪೇಜಿಗೆ ಹಾಕ್ಬಹುದೋ ಇಲ್ಲೋ, ಅಡ್ವಾನ್ಸ್ ಕೊಡೋ ಮೊದಲ ವಾಟ್ಸ್ಯಾಪಿನ್ಯಾಗಾದ್ರೂ ಬರದು ಒಪ್ಪಿಸ್ಕೋರಿ. ನಮ್ಮ ದೇಶದ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ನೀವು ಹೇಳಿ, ರೊಕ್ಕ ಕೊಟ್ಟು ತಗಿಸಿದ ಫೋಟೋದ ಮೊದಲನೇ ಮಾಲಕರು ನೀವ, ಬ್ಯಾರೆ ಏನಾರ ಒಪ್ಪಂದ ಆಗಿದ್ರ ಮಾತ್ರ ಬದಲಾಗ್ತೈತಿ. ಅದಕ್ಕ ಸಹಿ ಮಾಡೋ ಕಾಗದ ಓದ್ರಿ. ಫೋಟೋ ವಾಟ್ಸ್ಯಾಪಿನ್ಯಾಗ ಸುಮ್ನ ತರಿಸ್ಕೊಂಡ್ರ ಸೈಜ್ ಕಡಿಮಿ ಆಗಿ ಬರ್ತೈತಿ, ಡಾಕ್ಯುಮೆಂಟ್ ಅಂತ ಕಳಸಾಕ ಹೇಳ್ರಿ ಇಲ್ಲಾ ಡ್ರೈವ್ ಲಿಂಕ್ ಕೇಳ್ರಿ, ಪೆನ್‌ಡ್ರೈವಿನ್ಯಾಗ ಇನ್ನೊಂದು ಕಾಪಿ.

ಆರಿಸೋ ಹೊತ್ತಿಗೆ ನಾ ನಗೋ ಫೋಟೋ ಮುಂದಿಟ್ಟೆ, ವೈನಿ ಹಂಚಿನ ಕಡೆ ನೋಡ್ಕೋತ ಕುಂತದ್ದನ್ನ ಆರಿಸಿದ್ರು. ಲೇಬಲ್, ಡಿಪಿ, ಇನ್‌ಸ್ಟಾಗ್ರಾಮ್, ಗೂಗಲ್ ಮ್ಯಾಪ್ ಎಲ್ಲಾ ಕಡೆ ಒಂದ ದಿನ ಬದಲ ಮಾಡಿದ್ವಿ, ಒಂದೊಂದು ಕಡೆ ಒಂದೊಂದು ಮುಖ ಇದ್ರ ಗಿರಾಕಿಗೆ ಗುರ್ತ ಹತ್ತಂಗಿಲ್ಲ. ಈಗ ಮುಂದಿನ ಶೂಟಿನ ಪಟ್ಟಿ ವಹಿಯಾಗ ಬರದು ಇಟ್ಟಾರ: ಸಂಕ್ರಾಂತಿ ಸುತ್ತಮುತ್ತ, ಹಿಂಗಾರಿ ಜೋಳದ ಹೊಲದಾಗ, ತೆನಿ ಹಾಲು ತುಂಬಿದಾಗ, ಮುಂಜಾನೆ ಏಳಕ್ಕ.